ಓದುಗರ ಪ್ರಶ್ನೆ: ಆರೂವರೆಗೆ ಎದ್ದರೂ ಒಂಬತ್ತಕ್ಕೆ ಮನೆ ಬಿಡಲು ಆಗುತ್ತಿಲ್ಲ, ಯಾಕೆ?

ಪ್ರಶ್ನೆ: ನಾನು ಕಲಬುರಗಿಯವಳು, ಕೆಲಸಕ್ಕೆ ಹೋಗುತ್ತೇನೆ. ಬೆಳಿಗ್ಗೆ ಆರೂವರೆಗೆ ಏಳುತ್ತೇನೆ, ಒಂಬತ್ತಕ್ಕೆ ಮನೆ ಬಿಡಬೇಕು. ನಡುವೆ ಎರಡೂವರೆ ತಾಸು ಇದೆ. ಆದರೂ ದಿನಾ ಹತ್ತು ಹದಿನೈದು ನಿಮಿಷ ತಡ. ನನ್ನ ತಮ್ಮ ಇಪ್ಪತ್ತೇ ನಿಮಿಷದಲ್ಲಿ ರೆಡಿಯಾಗಿ ಗಾಡಿ ಹತ್ತುತ್ತಾನೆ. ಸಾಮಾನ್ಯವಾಗಿ ಒಬ್ಬರಿಗೆ ಎಷ್ಟು ಹೊತ್ತು ಬೇಕು? ನಾನೇ ನಿಧಾನವಾ?

ಉತ್ತರ: ಇದೇ ಪ್ರಶ್ನೆಯನ್ನು ಬೇರೆ ಬೇರೆ ಮಾತಿನಲ್ಲಿ ತುಂಬಾ ಜನ ಕೇಳಿದ್ದಾರೆ. ಕೇಳಿದವರಲ್ಲಿ ಹೆಣ್ಣುಮಕ್ಕಳೇ ಜಾಸ್ತಿ. ಮೊದಲು ನೇರ ಉತ್ತರ ಕೊಡುತ್ತೇನೆ. ಮುಖ ತೊಳೆದು, ಚಾ ಕುಡಿದು, ಜಳಕ ಮಾಡಿ, ಬಟ್ಟೆ ಹಾಕಿ, ತಲೆ ಬಾಚಿ, ಕೂತು ನಾಷ್ಟಾ ಮಾಡಲು ಒಬ್ಬರಿಗೆ ಮುಕ್ಕಾಲು ತಾಸಿನಿಂದ ಒಂದು ತಾಸು ಸಾಕು. ಉದ್ದ ಕೂದಲು ಇದ್ದರೆ, ಸೀರೆ ಉಡುವುದಿದ್ದರೆ ಇನ್ನೊಂದು ಕಾಲು ತಾಸು ಸೇರಿಸಿ. ನೀವು ನಿಧಾನ ಅಲ್ಲ. ನಿಮ್ಮ ಎರಡೂವರೆ ತಾಸಿನಲ್ಲಿ ನಿಮಗಾಗಿ ಸಿಗುತ್ತಿರುವುದು ಎಷ್ಟು ಅನ್ನುವುದೇ ನಿಜವಾದ ಪ್ರಶ್ನೆ.

ನಾನೂ ಹಿಂದೆ ಸುಮ್ನೆ ಅಂದಾಜಿನ ಮೇಲೆ ಬದುಕಿದವಳೇ. ಕಳೆದ ಡಿಸೆಂಬರಿನಲ್ಲಿ ಏಳು ದಿನ ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆದಿಟ್ಟೆ. ಎದ್ದದ್ದು ಎಷ್ಟಕ್ಕೆ, ಬಚ್ಚಲಿಗೆ ಹೋದದ್ದು ಎಷ್ಟಕ್ಕೆ, ಚಪ್ಪಲಿ ಮೆಟ್ಟಿದ್ದು ಎಷ್ಟಕ್ಕೆ, ಎಲ್ಲವನ್ನೂ. ಜಳಕಕ್ಕೆ ಹಿಡಿದದ್ದು ಒಂಬತ್ತು ನಿಮಿಷ. ಆದರೆ ಇನ್ನು ಜಳಕಕ್ಕೆ ಹೋಗೋಣ ಎಂದು ಎದ್ದ ಹೊತ್ತಿನಿಂದ ಮೊದಲ ತಂಬಿಗೆ ಮೈಮೇಲೆ ಬೀಳುವವರೆಗೆ ಇಪ್ಪತ್ತೇಳು ನಿಮಿಷ ಹೋಗಿತ್ತು. ನೀರು ಕಾಯಬೇಕು, ಒಳಗಿರುವವರು ಹೊರಗೆ ಬರಬೇಕು, ಟವೆಲ್ ಹಗ್ಗದ ಮೇಲೇ ಇದೆ, ತರಬೇಕು. ಲೆಕ್ಕ ಹಾಕುವಾಗ ನನ್ನ ತಲೆಯಲ್ಲಿ ಇದ್ದದ್ದು ಆ ಒಂಬತ್ತು ನಿಮಿಷ ಮಾತ್ರ.

ಇದು ನಿಮ್ಮ ನನ್ನ ಸ್ವಭಾವದ ಕೊರತೆಯಲ್ಲ. ಮನುಷ್ಯರ ತಲೆ ಓಡುವುದೇ ಹಾಗೆ. ಡೇನಿಯಲ್ ಕಾನೆಮನ್ ಮತ್ತು ಆಮೋಸ್ ಟ್ವರ್‌ಸ್ಕಿ ಎಂಬ ಮನಶ್ಶಾಸ್ತ್ರಜ್ಞರು 1979ರಲ್ಲೇ ಇದಕ್ಕೆ ಒಂದು ಹೆಸರು ಕೊಟ್ಟರು. ಕನ್ನಡದಲ್ಲಿ ಅದನ್ನು 'ಯೋಜನೆಯ ತಪ್ಪೆಣಿಕೆ' ಅನ್ನಬಹುದು. ಮುಂದಿನ ಕೆಲಸಕ್ಕೆ ಎಷ್ಟು ಹೊತ್ತು ಬೇಕು ಎಂದು ಯೋಚಿಸುವಾಗ ನಾವು ಆ ಕೆಲಸ ಸಲೀಸಾಗಿ ಸಾಗುವ ಚಿತ್ರವನ್ನೇ ಕಣ್ಣ ಮುಂದೆ ತಂದುಕೊಳ್ಳುತ್ತೇವೆ. ಹಿಂದಿನ ಹತ್ತು ಸಲ ಎಷ್ಟು ಹಿಡಿದಿತ್ತು ಎಂದು ತಿರುಗಿ ನೋಡುವುದಿಲ್ಲ. 1994ರಲ್ಲಿ ರೋಜರ್ ಬ್ಯೂಲರ್, ಡೇಲ್ ಗ್ರಿಫಿನ್, ಮೈಕೆಲ್ ರಾಸ್ ಎಂಬ ಮೂವರು ಪ್ರಬಂಧ ಬರೆಯುತ್ತಿದ್ದ ಕಾಲೇಜು ವಿದ್ಯಾರ್ಥಿಗಳನ್ನು 'ಎಷ್ಟು ದಿನದಲ್ಲಿ ಮುಗಿಸುತ್ತೀರಿ' ಎಂದು ಕೇಳಿದರು. ಸರಾಸರಿ ಸುಮಾರು 34 ದಿನ ಎಂಬ ಉತ್ತರ ಬಂತು. ಎಲ್ಲವೂ ಕೆಟ್ಟರೆ ಎಷ್ಟು ಬೇಕಾದೀತು ಎಂದು ಕೇಳಿದಾಗಲೂ 49 ದಿನ ದಾಟಲಿಲ್ಲ. ನಿಜವಾಗಿ ಹಿಡಿದದ್ದು ಸುಮಾರು 55 ದಿನ. ತುಂಬಾ ಕೆಟ್ಟ ಅಂದಾಜನ್ನೂ ಮೀರಿ ತಡವಾಯಿತು! ಬೆಳಗಿನ ಕೆಲಸದಲ್ಲೂ ಆಗುವುದು ಇದೇ. ಯಾವತ್ತೋ ಒಂದು ದಿನ ಇಪ್ಪತ್ತೈದು ನಿಮಿಷದಲ್ಲಿ ಹೊರಬಿದ್ದಿರುತ್ತೇವೆ. ಅದೊಂದೇ ದಿನ ನೆನಪಿನಲ್ಲಿ ಕೂತುಬಿಡುತ್ತದೆ.

ಆದ್ದರಿಂದ ಅಂದಾಜು ಬಿಟ್ಟು ಏಳು ದಿನ ಬರೆದಿಡಿ. ನಿಮ್ಮ ಮನೆಯ ಬೆಳಗಿಗೆ ನಿಮ್ಮ ಮನೆಯದೇ ಗಡಿಯಾರ ಇದೆ. ಬೆಂಗಳೂರಿನಲ್ಲಿ ಒಂಟಿಯಾಗಿ ರೂಮಿನಲ್ಲಿರುವ ಹುಡುಗನ ಲೆಕ್ಕ ಶಹಾಬಾದ್ ಫರಸಿ, ಅಂದರೆ ಹಾಸುಗಲ್ಲು ಹಾಕಿದ ನಮ್ಮ ಮನೆಗೆ ಹೊಂದುವುದಿಲ್ಲ.

ನೀರನ್ನೇ ತೆಗೆದುಕೊಳ್ಳಿ. ನಗರಕ್ಕೆ ನೀರು ಬರುವುದು ಭೀಮಾ ನದಿಯ ಸರಡಗಿ ಬ್ಯಾರೇಜಿನಿಂದ ಮತ್ತು ಬೆಣ್ಣೆತೊರೆ ಜಲಾಶಯದಿಂದ. ಕೆಲವು ವಾರ್ಡುಗಳಲ್ಲಿ ದಿನವಿಡೀ ನಳದಲ್ಲಿ ನೀರಿದೆ. ಉಳಿದ ಕಡೆ ದಿನ ಬಿಟ್ಟು ದಿನ ಬರುತ್ತದೆ, ಕೆಲವೆಡೆ ಇನ್ನೂ ತಡವಾಗಿ. 'ನಳ ಬಂತ್ರೀ' ಎಂದು ಓಣಿಯಲ್ಲಿ ಕೂಗು ಎದ್ದ ಬೆಳಿಗ್ಗೆ ಯಾರ ತಯಾರಿಯೂ ಮುಂದೆ ಸಾಗುವುದಿಲ್ಲ. ಪೈಪು ಹಾಕಬೇಕು, ಸಂಪು ತುಂಬಬೇಕು, ಕುಡಿಯುವ ನೀರಿನ ಕೊಡ ಬೇರೆ ತೊಳೆದು ತುಂಬಬೇಕು. ನಿಮ್ಮ ಕ್ಯಾಲೆಂಡರಿನಲ್ಲಿ ನಳ ಬರುವ ದಿನಕ್ಕೊಂದು ಗುರುತು ಹಾಕಿ. ಆ ದಿನದ ಲೆಕ್ಕವೇ ಬೇರೆ, ಅವತ್ತು ಅರ್ಧ ತಾಸು ಮೊದಲೇ ಏಳಬೇಕು.

ಇನ್ನು ನೀರು ಕಾಯಿಸುವುದು. ಇದರ ಗಣಿತ ನೋಡಿದ ಮೇಲೆ ನನಗೆ ಮನೆಮಂದಿಯ ಮೇಲಿನ ಸಿಟ್ಟು ಕಡಿಮೆಯಾಯಿತು. ಚಳಿಗಾಲದಲ್ಲಿ ಟ್ಯಾಂಕಿನ ನೀರು 20 ಡಿಗ್ರಿ ಇದೆ ಎಂದುಕೊಳ್ಳಿ. ಇಪ್ಪತ್ತು ಲೀಟರಿನ ಒಂದು ಬಕೆಟನ್ನು 42 ಡಿಗ್ರಿಗೆ ತರಲು 1500 ವ್ಯಾಟಿನ ಹೀಟರ್ ರಾಡಿಗೆ ಸುಮಾರು 20 ನಿಮಿಷ ಬೇಕು. ರಾಡು 1000 ವ್ಯಾಟಿನದ್ದಾದರೆ ಅರ್ಧ ತಾಸು. ವೋಲ್ಟೇಜ್ 230ರಿಂದ 200ಕ್ಕೆ ಇಳಿದರೆ ರಾಡಿನ ಕಾವು ಸುಮಾರು ಕಾಲು ಭಾಗ ಕಡಿಮೆಯಾಗುತ್ತದೆ, ಹೊತ್ತು ಇನ್ನೂ ಜಾಸ್ತಿ ಹಿಡಿಯುತ್ತದೆ. ಮನೆಯಲ್ಲಿ ನಾಲ್ಕು ಜನ, ರಾಡು ಒಂದೇ. ಅಂದರೆ ನೀರು ಕಾಯಲೇ ಒಂದು ತಾಸು ಇಪ್ಪತ್ತು ನಿಮಿಷ. ಎಷ್ಟೇ ಲಗೂ ಮಾಡಿ ಎಂದರೂ ನೀರು ಕಾಯಬೇಕಾದಷ್ಟು ಹೊತ್ತು ಕಾದೇ ತೀರುತ್ತದೆ. ಹಾಗಾಗಿ ನಾಲ್ಕನೆಯವರು ತಡ ಮಾಡಿದರು ಎಂದು ಬೈಯುವುದರಲ್ಲಿ ಅರ್ಥ ಇಲ್ಲ. ಯಾರು ಮೊದಲು ಹೊರಡಬೇಕೋ ಅವರ ಬಕೆಟ್ ಮೊದಲು ಇಡಿ. ಮೊದಲು ಎದ್ದವರು ಚಾಕ್ಕೆ ಇಡುವ ಮುಂಚೆಯೇ ರಾಡ್ ಹಾಕಲಿ. ಇಲ್ಲಿ ಒಂದು ಮಾತು ಹೇಳಲೇಬೇಕು: ಸ್ವಿಚ್ ಆರಿಸಿ, ಪ್ಲಗ್ ಕಿತ್ತ ಮೇಲೆಯೇ ನೀರು ಮುಟ್ಟಿ. ಗಡಿಬಿಡಿಯ ಬೆಳಿಗ್ಗೆಯೇ ಈ ತಪ್ಪು ಆಗುವುದು.

ಬೇಸಿಗೆಯಲ್ಲಿ ಈ ತೊಂದರೆ ಇಲ್ಲ. ಮೇಲಿನ ಟ್ಯಾಂಕಿನ ನೀರೇ ಬೆಚ್ಚಗೆ ಇರುತ್ತದೆ. ಆದರೆ ಆಗ ಬೇರೊಂದು ಬರುತ್ತದೆ, ಅದನ್ನು ಮುಂದೆ ಹೇಳುತ್ತೇನೆ.

ಮೊದಲು ರೊಟ್ಟಿ. ಬೆಳಗಿನ ಹೊತ್ತು ಎಲ್ಲಿ ಹೋಗುತ್ತದೆ ಎಂದು ನಮ್ಮ ಭಾಗದಲ್ಲಿ ಕೇಳಿದರೆ ಹಂಚಿನ ಮುಂದೆ ಹೋಗಿ ನಿಲ್ಲಬೇಕು. ಗೋಧಿ ಹಿಟ್ಟನ್ನು ರಾತ್ರಿಯೇ ಕಲಸಿ ಫ್ರಿಜ್ಜಿನಲ್ಲಿಟ್ಟು ಬೆಳಿಗ್ಗೆ ಚಪಾತಿ ಲಟ್ಟಿಸಬಹುದು. ಜೋಳಕ್ಕೆ ಅದು ನಡೆಯುವುದಿಲ್ಲ. ಗೋಧಿಯಲ್ಲಿರುವ ಗ್ಲುಟೆನ್ ಎಂಬ ಅಂಟು ಜೋಳದಲ್ಲಿಲ್ಲ. ಅದಕ್ಕೇ ಕುದಿಯುವ ಎಸರು ಹಾಕುವುದು. ಬಿಸಿ ನೀರು ಬಿದ್ದಾಗ ಹಿಟ್ಟಿನ ಗಂಜಿ ಸ್ವಲ್ಪ ಬೆಂದು ಅದೇ ಅಂಟಿನ ಕೆಲಸ ಮಾಡುತ್ತದೆ. ಆ ಹಿಟ್ಟನ್ನು ಅಂಗೈಯ ಬುಡದಿಂದ ಒತ್ತಿ ಒತ್ತಿ ನಾದಬೇಕು. ನಾದಿದ ಮೇಲೆ ಬಿಟ್ಟು ಹೋದರೆ ಒಣಗಿ ಅಂಚು ಬಿರಿಯುತ್ತದೆ. ಒಂದು ಉಂಡೆ ನಾದಿ, ಬಡಿದು, ಹಂಚಿಗೆ ಹಾಕಿ, ಮೇಲ್ಮೈಗೆ ಒದ್ದೆ ಬಟ್ಟೆಯಿಂದ ನೀರು ಸವರಿ, ತಿರುವಿ ಹಾಕಿ, ಉಬ್ಬಿಸಿ ಇಳಿಸುವಷ್ಟರಲ್ಲಿ ಎರಡು ಮೂರು ನಿಮಿಷ. ಕೈ ಪಳಗಿದವರು ಒಂದು ಹಂಚಿನ ಮೇಲಿರುವಾಗಲೇ ಇನ್ನೊಂದು ಬಡಿಯುತ್ತಾರೆ. ಆದರೂ ಮನೆಮಂದಿಯ ಬುತ್ತಿ ಸೇರಿ ಹದಿನೈದು ರೊಟ್ಟಿಗೆ ಅರ್ಧ ತಾಸು ಮೀರುತ್ತದೆ. ಆ ಅರ್ಧ ತಾಸಿನಲ್ಲಿ ಎರಡೂ ಕೈ ಹಿಟ್ಟು. ಫೋನ್ ಎತ್ತಲು, ತಲೆ ಬಾಚಲು, ಮಗುವಿನ ಬೂಟಿನ ಲೇಸ್ ಕಟ್ಟಲು ಆಗುವುದಿಲ್ಲ. ಪಲ್ಯ, ಬೇಳೆ ಇದರ ಮೇಲೆ.

ನಮ್ಮ ಹಿರಿಯರು ಇದಕ್ಕೆ ಕಂಡುಕೊಂಡ ದಾರಿ ಕಡಕ್ ರೊಟ್ಟಿ. ಒಮ್ಮೆ ಕೂತು ರಾಶಿ ಬಡಿದು, ಒಣಗಿಸಿ ಪೇರಿಸಿಟ್ಟರೆ ವಾರಗಟ್ಟಲೆ ಕೆಡುವುದಿಲ್ಲ. ಈಗ ಓಣಿ ಓಣಿಯಲ್ಲಿ ಹೆಣ್ಣುಮಕ್ಕಳು ಸಂಘ ಕಟ್ಟಿಕೊಂಡು ರೊಟ್ಟಿ ಮಾಡಿ ಮಾರುತ್ತಾರೆ. ಜಿಲ್ಲಾಡಳಿತವೂ 'ಕಲಬುರಗಿ ರೊಟ್ಟಿ' ಎಂಬ ಹೆಸರಿನಲ್ಲಿ ಅದಕ್ಕೆ ಮಾರುಕಟ್ಟೆ ಒದಗಿಸಿದೆ. ವಾರದಲ್ಲಿ ಎರಡು ದಿನ ಕಡಕ್ ರೊಟ್ಟಿ, ಶೇಂಗಾ ಹಿಂಡಿ, ಮೊಸರು ಬುತ್ತಿಗೆ ಹಾಕಿದರೆ ಯಾರ ಮರ್ಯಾದೆಯೂ ಹೋಗುವುದಿಲ್ಲ. ಬಿಸಿ ರೊಟ್ಟಿಯೇ ಬೇಕು ಎಂದು ಹಠ ಹಿಡಿಯುವವರು ಮನೆಯಲ್ಲಿದ್ದರೆ, ಅವರು ಆ ಅರ್ಧ ತಾಸು ಹಂಚಿನ ಪಕ್ಕ ನಿಂತು ತಿರುವಿ ಹಾಕಲಿ. ಇದನ್ನು ನಾನು ಮನಸಾರೆ ಹೇಳುತ್ತಿದ್ದೇನೆ.

ನಿಮ್ಮ ತಮ್ಮನ ಇಪ್ಪತ್ತು ನಿಮಿಷದ ಗುಟ್ಟು ಇಲ್ಲೇ ಇದೆ. 2019ರಲ್ಲಿ ಕೇಂದ್ರ ಸರ್ಕಾರ ದೇಶದಾದ್ಯಂತ ಸಮಯ ಬಳಕೆಯ ಸಮೀಕ್ಷೆ ನಡೆಸಿತು. ಜನ ದಿನದ 24 ತಾಸನ್ನು ಹೇಗೆ ಕಳೆಯುತ್ತಾರೆ ಎಂದು ಮನೆಮನೆಗೆ ಹೋಗಿ ಬರೆದುಕೊಂಡರು. ಆರು ವರ್ಷ ಮೇಲ್ಪಟ್ಟ ಹೆಣ್ಣುಮಕ್ಕಳಲ್ಲಿ ನೂರಕ್ಕೆ 81 ಮಂದಿ ಸಂಬಳವಿಲ್ಲದ ಮನೆಗೆಲಸ ಮಾಡುತ್ತಿದ್ದರು. ಗಂಡಸರಲ್ಲಿ ನೂರಕ್ಕೆ 26. ಮಾಡುವವರನ್ನೇ ಲೆಕ್ಕಕ್ಕೆ ತೆಗೆದುಕೊಂಡರೂ ಹೆಣ್ಣುಮಕ್ಕಳಿಗೆ ದಿನಕ್ಕೆ 299 ನಿಮಿಷ, ಗಂಡಸರಿಗೆ 97 ನಿಮಿಷ. ಸುಮಾರು ಐದು ತಾಸು ಒಂದು ಕಡೆ, ಒಂದೂವರೆ ತಾಸು ಇನ್ನೊಂದು ಕಡೆ. ಅದರಲ್ಲಿ ಒಂದು ಪಾಲು ಬೀಳುವುದು ಬೆಳಿಗ್ಗೆ. ನಿಮ್ಮ ತಮ್ಮ ಎದ್ದಾಗ ನೀರು ಕಾದಿದೆ, ಅಂಗಿ ಇಸ್ತ್ರಿಯಾಗಿದೆ, ಡಬ್ಬಿ ಕಟ್ಟಿಟ್ಟಿದೆ. ಇಪ್ಪತ್ತು ನಿಮಿಷ ಅವನ ಚುರುಕಿನಿಂದ ಮಾತ್ರ ಬಂದದ್ದಲ್ಲ. ನಿಮ್ಮ ಎರಡೂವರೆ ತಾಸಿನ ಒಳಗಿಂದ ಬಂದದ್ದು.

ಏಳುವ ವಿಷಯಕ್ಕೆ ಬರೋಣ. ಎದ್ದ ಕೂಡಲೇ ಯಾರ ತಲೆಯೂ ಪೂರ್ತಿ ಓಡುವುದಿಲ್ಲ. ಈ ನಿದ್ದೆಯ ಮಬ್ಬು ಸಾಮಾನ್ಯವಾಗಿ ಹದಿನೈದರಿಂದ ಮೂವತ್ತು ನಿಮಿಷ ಇರುತ್ತದೆ. ನಿದ್ದೆ ಕಡಿಮೆಯಾದ ದಿನ ಇನ್ನೂ ಜಾಸ್ತಿ. ಆ ಮಬ್ಬಿನಲ್ಲಿ ಯಾವ ಡ್ರೆಸ್ ಹಾಕಲಿ, ಏನು ಅಡಿಗೆ ಮಾಡಲಿ, ಬಸ್ ಪಾಸ್ ಎಲ್ಲಿಟ್ಟೆ ಎಂದು ಯೋಚಿಸಲು ಕೂತರೆ ಹತ್ತು ನಿಮಿಷದ ಕೆಲಸ ಇಪ್ಪತ್ತಾಗುತ್ತದೆ. ಯೋಚಿಸುವ ಕೆಲಸವೆಲ್ಲ ರಾತ್ರಿಯೇ ಮುಗಿಯಲಿ. ಬಟ್ಟೆ ತೆಗೆದಿಡಿ, ಕಾಯಿಪಲ್ಯ ಹೆಚ್ಚಿಡಿ, ಬ್ಯಾಗನ್ನು ಬಾಗಿಲ ಮೊಳೆಗೆ ತೂಗುಹಾಕಿ. ಬೆಳಿಗ್ಗೆಗೆ ಕೈಕಾಲು ಮಾಡುವ ಕೆಲಸ ಮಾತ್ರ ಉಳಿಯಲಿ.

ಬೆಳಕೂ ಮುಖ್ಯ. ಗಡಿಯಾರ ದೇಶಕ್ಕೆಲ್ಲ ಒಂದೇ, ಸೂರ್ಯ ಒಂದೇ ಹೊತ್ತಿಗೆ ಬರುವುದಿಲ್ಲ. ನಮ್ಮ ಗಡಿಯಾರ ನಡೆಯುವುದು ಪೂರ್ವದ 82.5 ಡಿಗ್ರಿ ರೇಖೆಯ ಲೆಕ್ಕದಲ್ಲಿ. ಕಲಬುರಗಿ ಅದಕ್ಕಿಂತ ಪಶ್ಚಿಮಕ್ಕಿದೆ, ಹಾಗಾಗಿ ಇಲ್ಲಿ ಸೂರ್ಯ ಇಪ್ಪತ್ತೆರಡು ಇಪ್ಪತ್ಮೂರು ನಿಮಿಷ ಹಿಂದೆ ಬೀಳುತ್ತಾನೆ. ಜನವರಿಯಲ್ಲಿ ಹೊತ್ತು ಹುಟ್ಟುವುದು ಸುಮಾರು ಆರು ಐವತ್ತಕ್ಕೆ. ನೀವು ಆರೂವರೆಗೆ ಏಳುವಾಗ ಹೊರಗೆ ಇನ್ನೂ ಮಬ್ಬುಗತ್ತಲೆ. ಮೈ ಏಳಲು ಒಪ್ಪುವುದಿಲ್ಲ, ಅದು ಸೋಮಾರಿತನ ಅಲ್ಲ. ಎದ್ದ ಕೂಡಲೇ ಕೋಣೆಯ ದೊಡ್ಡ ಲೈಟ್ ಹಾಕಿ. ಬೆಳಕು ಹರಿದ ಮೇಲೆ ಚಾ ಹಿಡಿದು ಅಂಗಳಕ್ಕೆ ಬನ್ನಿ. ಮನೆಯಲ್ಲಿ ಹೈಸ್ಕೂಲ್, ಪಿಯುಸಿ ಓದುವ ಮಕ್ಕಳಿದ್ದರೆ ಅವರ ಮೇಲೆ ಸ್ವಲ್ಪ ದಯೆ ಇರಲಿ. ಆ ವಯಸ್ಸಿನಲ್ಲಿ ಮೈಯ ಗಡಿಯಾರವೇ ತಡವಾಗಿ ನಡೆಯುತ್ತದೆ, ರಾತ್ರಿ ನಿದ್ದೆ ಬರುವುದೂ ತಡ, ಬೆಳಿಗ್ಗೆ ಎಚ್ಚರವಾಗುವುದೂ ತಡ.

ಈಗ ಬೇಸಿಗೆಯ ಮಾತು. ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 42 ಡಿಗ್ರಿ ದಾಟುವ ನಮ್ಮ ವಿಭಾಗದಲ್ಲಿ ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ನಡೆಯುತ್ತವೆ. ಉಳಿದ ತಿಂಗಳು ಹತ್ತಕ್ಕೆ ಹೋಗುವವರು ಆಗ ಎರಡು ತಾಸು ಮುಂಚೆ ಹೊರಡಬೇಕು. ಮೇ ಕೊನೆಯಲ್ಲಿ ಸೂರ್ಯ ಐದೂ ಮುಕ್ಕಾಲಿಗೇ ಬರುತ್ತಾನೆ, ಆದ್ದರಿಂದ ಏಳುವುದು ಅಷ್ಟು ಕಷ್ಟವಲ್ಲ. ಕಷ್ಟ ಇರುವುದು ಹಿಂದಿನ ರಾತ್ರಿಯಲ್ಲಿ. ಕಾದ ಛತ್ತಿನ ಕೆಳಗೆ ಹನ್ನೆರಡರವರೆಗೆ ನಿದ್ದೆ ಹತ್ತುವುದಿಲ್ಲ. ದೊಡ್ಡವರಿಗೆ ಏಳು ತಾಸಾದರೂ ನಿದ್ದೆ ಬೇಕು, ಸಿಗುವುದು ಐದು. ಬೆಳಗಿನ ಮಬ್ಬು ಇಮ್ಮಡಿಯಾಗುತ್ತದೆ. ಆ ಎರಡು ತಿಂಗಳು ಮಧ್ಯಾಹ್ನ ಮನೆಗೆ ಬಂದವರು ಸ್ವಲ್ಪ ಮಲಗಲಿ, ಬೆಳಿಗ್ಗೆಗೆ ಸುಸಲಾದಂಥ ಹತ್ತು ನಿಮಿಷದ ನಾಷ್ಟಾ ಇಟ್ಟುಕೊಳ್ಳಿ. ಮಂಡಾಳ ತೋಯಿಸಿ, ಹಿಂಡಿ, ಒಗ್ಗರಣೆಗೆ ಹಾಕಿ ಪುಠಾಣಿ ಪುಡಿ ಉದುರಿಸಿದರೆ ಮುಗಿಯಿತು.

ಇನ್ನು ನಿಮ್ಮ ಒಂಬತ್ತು ಗಂಟೆ. ಹಿಂದಿನಿಂದ ಎಣಿಸಿ. ಒಂಬತ್ತಕ್ಕೆ ಹೊರಗೆ ಕಾಲಿಡಬೇಕೆಂದರೆ ಎಂಟು ಐವತ್ತಕ್ಕೆ ಬ್ಯಾಗ್ ಕೈಯಲ್ಲಿರಬೇಕು. ಕೀಲಿ, ಗ್ಯಾಸ್, ಮೋಟಾರ್ ನೋಡಲು ಆ ಹತ್ತು ನಿಮಿಷ ಬೇಕೇ ಬೇಕು, ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಎಂಟೂವರೆಗೆ ನಾಷ್ಟಾ, ಎಂಟಕ್ಕೆ ಬಟ್ಟೆ ಮತ್ತು ತಲೆ, ಏಳೂ ಮುಕ್ಕಾಲಿಗೆ ಜಳಕ. ಅಂದರೆ ಅಡಿಗೆಮನೆ ಏಳೂ ನಲವತ್ತಕ್ಕೆ ನಿಮ್ಮ ಕೈ ಬಿಡಬೇಕು. ಆರೂವರೆಗೆ ಎದ್ದರೆ ಅಲ್ಲಿ ನಿಮಗಿರುವುದು ಒಂದು ತಾಸು ಹತ್ತು ನಿಮಿಷ. ರೊಟ್ಟಿ, ಪಲ್ಯ, ನಾಲ್ಕು ಡಬ್ಬಿ, ನಾಲ್ಕು ಬಕೆಟ್ ಎಲ್ಲವೂ ಒಬ್ಬರದೇ ಆದರೆ ಅಷ್ಟರಲ್ಲಿ ಆಗುವುದಿಲ್ಲ. ನೀವು ಇನ್ನೂ ಬೇಗ ಏಳಿ ಎಂದು ನಾನು ಹೇಳುವುದಿಲ್ಲ. ಬಕೆಟ್ಟುಗಳ ಪಾಳಿ ಮತ್ತು ಡಬ್ಬಿ ಕಟ್ಟುವುದು, ಈ ಎರಡು ಕೆಲಸ ನಾಳೆಯಿಂದ ತಮ್ಮನಿಗೆ ಹೋಗಲಿ.

ಒಪ್ಪದಿದ್ದರೆ ಜಗಳ ಬೇಡ. ಏಳು ದಿನ ಬರೆಯುವ ಆ ಹಾಳೆಯಲ್ಲಿ ಅವನ ಇಪ್ಪತ್ತು ನಿಮಿಷವನ್ನೂ ಬರೆಯಿರಿ. ಅವನು ಏಳುವ ಮುಂಚೆ ಅವನಿಗಾಗಿ ಯಾರು ಏನೇನು ಮಾಡಿದರು, ಎಷ್ಟು ನಿಮಿಷ ಹಿಡಿಯಿತು ಎಂಬುದನ್ನು ಪಕ್ಕದಲ್ಲೇ ಬರೆಯಿರಿ. ಭಾನುವಾರ ಸಂಜೆ ಚಾ ಕುಡಿಯುವಾಗ ಹಾಳೆಯನ್ನು ಅವನ ಕೈಗೆ ಕೊಟ್ಟು ಓದಲು ಹೇಳಿ.