ಪದ ಪರಿಚಯ: ಬರ್ನ್‌ಔಟ್, ಅಂದರೆ ಕಾಯಿಲ್ ಸುಟ್ಟ ದಣಿವು

ಬೇಸಿಗೆಯಲ್ಲಿ ನಮ್ಮ ಕಾಸರಗೋಡು ಜಿಲ್ಲೆಯ ಬದಿಯಡ್ಕ, ಪೆರ್ಲ ಕಡೆಯ ಅಡಿಕೆ ತೋಟಗಳಲ್ಲಿ ಒಂದು ಮಾತು ಆಗಾಗ ಕೇಳುತ್ತದೆ: “ಪಂಪಿನ ಕಾಯಿಲ್ ಸುಟ್ಟಿತು.” ಎಲ್ಲರೂ ಒಟ್ಟಿಗೆ ತೋಟಕ್ಕೆ ನೀರು ಬಿಡುವ ಹೊತ್ತು, ವೋಲ್ಟೇಜ್ ಇಳಿದಿರುತ್ತದೆ. ಆದರೂ ಮೋಟರು ಹೇಗೋ ತಿರುಗುತ್ತದೆ. ವೋಲ್ಟೇಜ್ ಕಮ್ಮಿಯಾದಾಗ ಅದು ಕರೆಂಟನ್ನು ಜಾಸ್ತಿ ಎಳೆಯುತ್ತದೆ, ಒಳಗಿನ ತಂತಿ ಬಿಸಿಯೇರುತ್ತಾ ಹೋಗುತ್ತದೆ. ಹೊರಗಿನಿಂದ ನೋಡುವವರಿಗೆ ನೀರು ಬರುತ್ತಲೇ ಇದೆ, ಸ್ವಲ್ಪ ಸಪೂರವಾಗಿ, ಅಷ್ಟೆ. ಒಂದು ದಿನ ಸುಟ್ಟ ವಾಸನೆ ಬರುತ್ತದೆ. ವೈಂಡಿಂಗ್ ಅಂಗಡಿಗೆ ಕೊಂಡುಹೋದರೆ ಅಲ್ಲಿಯವರು ಮೊದಲು ಕೇಳುವುದು, “ವೋಲ್ಟೇಜ್ ಎಷ್ಟಿತ್ತು ಮಾರಾಯ್ರೇ, ನೋಡಿದ್ದೀರಾ?”

ಇಂಗ್ಲಿಷಿನವರು ಸುಟ್ಟ ಮೋಟರಿಗೆ, ಸುಟ್ಟ ಬಲ್ಬಿಗೆ ಹೇಳುವ ಬರ್ನ್‌ಔಟ್ ಎಂಬ ಮಾತನ್ನೇ ದುಡಿದು ಒಳಗಿನಿಂದ ಸುಟ್ಟುಹೋದ ಮನುಷ್ಯರಿಗೂ ಹೇಳುತ್ತಾರೆ. ಈ ಪದ ನನಗೆ ಗೊತ್ತಾಗಿದ್ದು ತಡವಾಗಿ. ಮೊದಲೇ ಗೊತ್ತಿದ್ದರೆ ಎರಡು ವರ್ಷ ನನ್ನನ್ನು ನಾನೇ ಸೋಮಾರಿ ಎಂದು ಬೈದುಕೊಳ್ಳುತ್ತಿರಲಿಲ್ಲ.

ಆಗ ನಾನು ಮಂಗಳೂರಿನ ಒಂದು ಕಚೇರಿಯಲ್ಲಿದ್ದೆ. ಸಾಲದ ಕಂತು ಕಟ್ಟದವರಿಗೆ ಫೋನ್ ಮಾಡುವ ಕೆಲಸ. ಬೆಳಿಗ್ಗೆ ಕುಂಬಳೆಯಲ್ಲಿ ರೈಲು ಹತ್ತಿದರೆ ಮನೆ ಸೇರುವಾಗ ರಾತ್ರಿಯಾಗುತ್ತಿತ್ತು. ಕಾಸರಗೋಡಿನವರಿಗೆ ಕನ್ನಡ, ತುಳು, ಮಲಯಾಳ ಮೂರೂ ಬರುತ್ತದೆ ಅಲ್ವಾ, ಹಾಗಾಗಿ ಮಲಯಾಳದ ಕರೆಗಳೂ ನನಗೆ, ತುಳುವಿನವೂ ನನಗೆ. ಬೇರೆಯವರು ಕೈಬಿಟ್ಟ ಕಷ್ಟದ ಕರೆಗಳೂ ನನ್ನ ಟೇಬಲಿಗೇ ಬರುತ್ತಿದ್ದವು. ಭಾಷೆ ಗೊತ್ತಿರುವುದಕ್ಕೆ ಸಂಬಳವೇನೂ ಜಾಸ್ತಿ ಇರಲಿಲ್ಲ. ಒಂದು ಮಧ್ಯಾಹ್ನ ಒಬ್ಬ ಹೆಂಗಸು ಫೋನಿನಲ್ಲಿ ಅತ್ತರು. ಗಂಡ ಆಸ್ಪತ್ರೆಯಲ್ಲಿದ್ದಾರೆ, ಒಂದು ತಿಂಗಳು ಕೊಡಿ ಎಂದರು. ನನಗೆ ಏನೂ ಅನಿಸಲಿಲ್ಲ. ಗೋಡೆಯ ಗಡಿಯಾರ ನೋಡಿದೆ. ಈ ಕರೆ ಆರು ನಿಮಿಷ ದಾಟಿತು, ಇನ್ನು ಎಷ್ಟು ಬಾಕಿ ಎಂದು ಲೆಕ್ಕ ಹಾಕಿದೆ. ಮನೆಗೆ ಬಂದ ಮೇಲೆ ಆ ಲೆಕ್ಕ ನೆನಪಾಗಿ ಹೆದರಿಕೆಯಾಯಿತು. ನಾನು ಅಂಥ ಜನ ಆಗಿರಲಿಲ್ಲ.

ಹೀಗೆ ಆಗುವುದಕ್ಕೂ ಒಂದು ಹೆಸರಿದೆ, ಅದು ಬರ್ನ್‌ಔಟ್‌ನ ಒಂದು ಭಾಗ ಎಂದು ಗೊತ್ತಾದಾಗ ಸ್ವಲ್ಪ ಸಮಾಧಾನವಾಯಿತು.

ಈ ಪದವನ್ನು ಮನುಷ್ಯರ ವಿಷಯದಲ್ಲಿ ಗಟ್ಟಿಯಾಗಿ ನಿಲ್ಲಿಸಿದವರು ಹರ್ಬರ್ಟ್ ಫ್ರಾಯ್ಡನ್‌ಬರ್ಗರ್. ಜರ್ಮನಿಯಲ್ಲಿ ಹುಟ್ಟಿ, ನಾಜಿಗಳಿಂದ ತಪ್ಪಿಸಿಕೊಂಡು ಅಮೆರಿಕಕ್ಕೆ ಬಂದ ಮನಶ್ಶಾಸ್ತ್ರಜ್ಞ. ನ್ಯೂಯಾರ್ಕಿನಲ್ಲಿ ಮಾದಕವಸ್ತುಗಳ ಚಟಕ್ಕೆ ಸಿಕ್ಕವರೂ ಬರುತ್ತಿದ್ದ ಒಂದು ಉಚಿತ ಚಿಕಿತ್ಸಾಲಯವಿತ್ತು. ಹಗಲು ತಮ್ಮ ಕೆಲಸ ಮುಗಿಸಿ ಅವರು ಸಂಜೆ ಅಲ್ಲಿ ದುಡಿಯುತ್ತಿದ್ದರು. ತುಂಬಾ ಆಸೆಯಿಂದ ಬಂದ ಯುವಕ ಯುವತಿಯರೇ ಕೆಲವು ತಿಂಗಳಲ್ಲಿ ಬಾಡಿಹೋಗುವುದನ್ನು ಕಂಡರು. ತಾವೂ ಬಾಡಿದರು. 1974ರಲ್ಲಿ ಇದರ ಬಗ್ಗೆ ಒಂದು ಲೇಖನ ಬರೆದರು. ಹೋಗದ ಶೀತ, ಪದೇ ಪದೇ ತಲೆನೋವು, ಹೊಟ್ಟೆಯ ತೊಂದರೆ, ನಿದ್ದೆ ಬಾರದಿರುವುದು, ಬೇಗ ಸಿಟ್ಟು ಬರುವುದು, ಎಲ್ಲವನ್ನೂ ಅವರು ಆಗಲೇ ಹೇಳಿದ್ದಾರೆ. ಎಲ್ಲರಿಗಿಂತ ಮೊದಲು ಸುಡುವುದು ಮನಸ್ಸಿಟ್ಟು ದುಡಿಯುವವರು ಎಂಬುದನ್ನೂ ಗುರುತಿಸಿದರು. ಈ ಮಾತು ಓದಿದಾಗ ನನಗೆ ಕಣ್ಣು ತುಂಬಿತು.

ಆಮೇಲೆ ಕ್ಯಾಲಿಫೋರ್ನಿಯಾದ ಕ್ರಿಸ್ಟಿನಾ ಮ್ಯಾಸ್‌ಲಾಕ್ ಬಂದರು. 1981ರಲ್ಲಿ ಸೂಸನ್ ಜಾಕ್ಸನ್ ಜತೆ ಸೇರಿ ಬರ್ನ್‌ಔಟ್ ಅಳೆಯುವ ಪ್ರಶ್ನಾವಳಿ ಮಾಡಿದರು. ಬರ್ನ್‌ಔಟ್‌ಗೆ ಮೂರು ಮುಖ ಎಂದವರು ಇವರು. ಆ ಮೂರನ್ನು ಇಂಗ್ಲಿಷಿನಲ್ಲಿ ಓದಿದಾಗ ನನಗೆ ನಮ್ಮ ಊರಿನ ಮೂರು ಮಾತುಗಳೇ ನೆನಪಾದವು. ಕಾಸರಗೋಡನ್ನು ಸಪ್ತಭಾಷೆಗಳ ಊರು ಎನ್ನುತ್ತಾರಲ್ಲ, ಅದು ಇಲ್ಲಿ ಉಪಯೋಗಕ್ಕೆ ಬಂತು.

ಮೊದಲನೆಯದು ತುಳುವಿನ ಬಚ್ಚೆಲ್. ದೇಹ, ಮನಸ್ಸು ಎರಡೂ ಬರಿದಾದ ದಣಿವು. ಮಣ್ಣು ಹೊತ್ತು ಬಚ್ಚಿದರೆ ಸ್ನಾನ ಮಾಡಿ ಗಂಜಿ ಉಂಡು ಮಲಗಿದಾಗ ಹೋಗುತ್ತದೆ. ಇದು ಹಾಗಲ್ಲ. ಮಲಗಿ ಎದ್ದರೂ ಬಚ್ಚೆಲ್ ಹಾಸಿಗೆಯಿಂದಲೇ ಜತೆಗೆ ಏಳುತ್ತದೆ. ಎರಡನೆಯದು ಮಲಯಾಳದ ‘ಮಡುತ್ತು’. ಬೇಸತ್ತುಹೋಯಿತು, ಸಾಕಾಯಿತು ಎಂಬ ಅರ್ಥ. ಕೆಲಸದ ಮೇಲೆ, ಎದುರಿಗೆ ಬರುವ ಜನರ ಮೇಲೆ ಮನಸ್ಸು ಮುರಿದುಹೋಗುವುದು. ರೋಗಿ ‘ಹನ್ನೆರಡನೇ ಬೆಡ್’ ಆಗುತ್ತಾನೆ, ಅಳುವ ಹೆಂಗಸು ‘ಆರು ನಿಮಿಷದ ಕರೆ’ ಆಗುತ್ತಾಳೆ. ಮನಸ್ಸು ತನ್ನನ್ನು ಉಳಿಸಿಕೊಳ್ಳಲು ಹೀಗೆ ಬಾಗಿಲು ಹಾಕಿಕೊಳ್ಳುತ್ತದೆ. ಮೂರನೆಯದು ಹವ್ಯಕರ ಮನೆಮಾತಿನ ‘ಎನ್ನಂದ ಎಡಿಯ’, ನನ್ನಿಂದ ಆಗದು. ನಿನ್ನೆಯವರೆಗೆ ಸಲೀಸಾಗಿ ಮಾಡುತ್ತಿದ್ದ ಕೆಲಸದ ಮುಂದೆ ಕೈ ನಿಲ್ಲುತ್ತದೆ. ನಾನು ಯಾವುದಕ್ಕೂ ಪ್ರಯೋಜನವಿಲ್ಲ ಎಂದು ಅನಿಸಲು ಶುರುವಾಗುತ್ತದೆ.

ಮೂರೂ ಸೇರಿ ಬಂದಾಗ ಅದನ್ನು ಬರ್ನ್‌ಔಟ್ ಎನ್ನುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿಯ ಹನ್ನೊಂದನೇ ಆವೃತ್ತಿ 2022ರ ಜನವರಿ 1ರಿಂದ ಜಾರಿಗೆ ಬಂದಿದೆ. ಅದರಲ್ಲಿಯೂ ಈ ಮೂರನ್ನೇ ಹೇಳಿದ್ದಾರೆ. ಅಲ್ಲಿ ಒಂದು ಸೂಕ್ಷ್ಮ ಇದೆ. ಬರ್ನ್‌ಔಟ್ ಅನ್ನು ಅವರು ಕಾಯಿಲೆ ಎಂದು ಕರೆದಿಲ್ಲ, ಕೆಲಸಕ್ಕೆ ಸಂಬಂಧಪಟ್ಟ ವಿದ್ಯಮಾನ ಎಂದಿದ್ದಾರೆ. ಸರಿಯಾಗಿ ನಿಭಾಯಿಸದೆ ಬಿಟ್ಟ, ತುಂಬಾ ಕಾಲದ ಕೆಲಸದ ಒತ್ತಡದಿಂದ ಬರುವಂಥದ್ದು ಎಂದು ವಿವರಿಸಿದ್ದಾರೆ. ಮನೆಯ ಕಷ್ಟಕ್ಕೆ, ಬೇರೆ ದುಃಖಕ್ಕೆ ಈ ಪದ ಬಳಸಬಾರದು ಎಂದೂ ಇದೆ. ಅಂದರೆ ಈ ಪದದ ಒಳಗೇ ಕೆಲಸದ ಜಾಗ ಇದೆ. ನನಗೆ ಈ ಪದ ಬೇಕೆನಿಸುವುದು ಅದಕ್ಕಾಗಿಯೇ. ‘ಸುಸ್ತು’ ಎಂದರೆ ನನ್ನ ಮೈಯ ವಿಷಯ. ‘ಟೆನ್ಶನ್’ ಎಂದರೆ ನನ್ನ ತಲೆಯ ವಿಷಯ. ‘ಬರ್ನ್‌ಔಟ್’ ಎಂದ ಕೂಡಲೇ ವೋಲ್ಟೇಜ್ ಎಷ್ಟಿತ್ತು ಎಂದು ಕೇಳಲೇಬೇಕಾಗುತ್ತದೆ.

ಇನ್ನು ಮೈಯೊಳಗೆ ಏನಾಗುತ್ತದೆ ಎಂದು ನೋಡೋಣ. ಒತ್ತಡಕ್ಕೆ ದೇಹ ಹೇಗೆ ಸ್ಪಂದಿಸುತ್ತದೆ ಎಂದು ಹ್ಯಾನ್ಸ್ ಸೆಲ್ಯೆ ಎಂಬ ವಿಜ್ಞಾನಿ 1936ರಲ್ಲೇ ಬರೆದಿದ್ದರು. ಮೊದಲು ದೇಹ ಗಾಬರಿಯಾಗುತ್ತದೆ, ಆಮೇಲೆ ತಡೆದುಕೊಂಡು ನಿಲ್ಲುತ್ತದೆ, ಕೊನೆಗೆ ಬಸವಳಿಯುತ್ತದೆ. ತೋಟದಲ್ಲಿ ಹಾವು ಕಂಡರೆ ಎದೆ ಡಬಡಬ ಹೊಡೆದುಕೊಳ್ಳುತ್ತದೆ ಅಲ್ವಾ? ಮೂತ್ರಪಿಂಡಗಳ ಮೇಲೆ ಕೂತಿರುವ ಅಡ್ರಿನಲ್ ಗ್ರಂಥಿಗಳು ಅಡ್ರಿನಲಿನ್, ಕಾರ್ಟಿಸಾಲ್ ಎಂಬ ಹಾರ್ಮೋನುಗಳನ್ನು ಸುರಿಯುತ್ತವೆ. ರಕ್ತದೊತ್ತಡ ಏರುತ್ತದೆ. ಓಡಲು ಶಕ್ತಿ ಬೇಕೆಂದು ರಕ್ತಕ್ಕೆ ಸಕ್ಕರೆ ಸೇರುತ್ತದೆ. ಹೊಟ್ಟೆಯ ಕೆಲಸ ಸದ್ಯಕ್ಕೆ ನಿಲ್ಲುತ್ತದೆ. ಹಾವು ಹೋದರೆ ಎಲ್ಲ ತಣ್ಣಗಾಗುತ್ತದೆ. ಹಾವಿನ ಜಾಗದಲ್ಲಿ ದಿನಾ ಬೆಳಿಗ್ಗೆಯ ಟಾರ್ಗೆಟ್ ಮೀಟಿಂಗ್ ಇದ್ದರೆ ತಣ್ಣಗಾಗಲು ಸಮಯವೇ ಸಿಗುವುದಿಲ್ಲ. ಬಿ.ಪಿ. ಏರಿದ್ದು ಏರಿದಂತೆಯೇ ಇರುತ್ತದೆ. ಸಕ್ಕರೆ ಕಾಯಿಲೆಯ ದಾರಿ ಸುಲಭವಾಗುತ್ತದೆ. ಹುಳಿತೇಗು, ಹೊಟ್ಟೆಯುರಿ, ಕುತ್ತಿಗೆ ಸೆಳೆತ, ತಿಂಗಳ ಮುಟ್ಟಿನ ಏರುಪೇರು, ಮತ್ತೆ ಮತ್ತೆ ಶೀತ, ಹೀಗೆ ಒಂದೊಂದಾಗಿ ಬರುತ್ತವೆ. ನಾವು ಒಂದೊಂದಕ್ಕೂ ಬೇರೆ ಬೇರೆ ಮಾತ್ರೆ ತಿನ್ನುತ್ತೇವೆ.

ನಿದ್ದೆಯ ಕತೆ ಇನ್ನೂ ಕೆಟ್ಟದ್ದು. ಕಾರ್ಟಿಸಾಲ್ ಬೆಳಿಗ್ಗೆ ಏರಿ, ರಾತ್ರಿಗೆ ಇಳಿಯಬೇಕು. ಮಲಗುವ ಹೊತ್ತಿಗೂ ಕಚೇರಿಯ ವಾಟ್ಸಾಪ್ ಗುಂಪು ಟಿಣ್ ಎನ್ನುತ್ತಿದ್ದರೆ ಈ ಲಯ ತಪ್ಪುತ್ತದೆ. ನಿದ್ದೆ ಕೆಟ್ಟರೆ ಮರೆವು. ಮರೆತರೆ ಕೆಲಸದಲ್ಲಿ ತಪ್ಪು. ತಪ್ಪಾದರೆ ಬೈಗುಳ, ಬೈಗುಳದಿಂದ ಮತ್ತೆ ನಿದ್ದೆಯಿಲ್ಲ. ನಾನು ಈ ಗಾಣದಲ್ಲಿ ಸುತ್ತಿದ್ದೇನೆ. ಒಮ್ಮೆ ಉಪ್ಪಳ ದಾಟಿ ಕುಂಬಳೆಯಲ್ಲಿ ಇಳಿಯುವುದು ಮರೆತು ಕಾಸರಗೋಡಿನವರೆಗೆ ಹೋಗಿದ್ದೆ. ಎಚ್ಚರವಾಗಿಯೇ ಕೂತಿದ್ದೆ.

ದುಡಿಮೆಯ ಗಂಟೆಗಳದ್ದೂ ಲೆಕ್ಕ ಇದೆ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ಸೇರಿ 2021ರಲ್ಲಿ ಒಂದು ಅಧ್ಯಯನ ಹೊರತಂದವು. ವಾರಕ್ಕೆ 35ರಿಂದ 40 ಗಂಟೆ ದುಡಿಯುವವರಿಗೆ ಹೋಲಿಸಿದರೆ, 55 ಗಂಟೆ ಅಥವಾ ಅದಕ್ಕಿಂತ ಜಾಸ್ತಿ ದುಡಿಯುವವರಿಗೆ ಪಾರ್ಶ್ವವಾಯುವಿನ ಅಪಾಯ ಶೇ. 35ರಷ್ಟು ಹೆಚ್ಚು. ಹೃದಯಕ್ಕೆ ರಕ್ತ ಸಾಲದೆ ಬರುವ ಕಾಯಿಲೆಯಿಂದ ಸಾಯುವ ಅಪಾಯ ಶೇ. 17ರಷ್ಟು ಹೆಚ್ಚು. 2016ರಲ್ಲಿ ಇದರಿಂದ ಜಗತ್ತಿನಲ್ಲಿ ಸತ್ತವರು ಸುಮಾರು 7,45,000 ಮಂದಿ ಎಂದು ಅವರ ಅಂದಾಜು. ಜಪಾನಿನಲ್ಲಂತೂ ದುಡಿದು ದುಡಿದು ಸಾಯುವುದಕ್ಕೆ ‘ಕರೋಶಿ’ ಎಂಬ ಪದವೇ ಇದೆ. ಅದನ್ನು ತಡೆಯಲು 2014ರಲ್ಲಿ ಅಲ್ಲಿ ಕಾನೂನನ್ನೂ ತಂದರು.

ಬರೀ ಗಂಟೆಗಳಿಂದಲೇ ಸುಡುವುದಲ್ಲ ಎಂಬುದು ಮುಖ್ಯ. ಲಂಡನ್ನಿನಲ್ಲಿ 1985ರಿಂದ ಹತ್ತು ಸಾವಿರಕ್ಕೂ ಹೆಚ್ಚು ಸರಕಾರಿ ನೌಕರರ ಆರೋಗ್ಯವನ್ನು ವರ್ಷಗಟ್ಟಲೆ ನೋಡಿದರು. ವೈಟ್‌ಹಾಲ್ ಅಧ್ಯಯನ ಎಂದು ಅದರ ಹೆಸರು. ತಮ್ಮ ಕೆಲಸದ ಮೇಲೆ ತಮಗೇ ಹಿಡಿತ ಇಲ್ಲದವರಲ್ಲಿ ಹೃದಯದ ಕಾಯಿಲೆ ಜಾಸ್ತಿ ಕಂಡಿತು. ಯಾವಾಗ ಏಳಬೇಕು, ಯಾವಾಗ ನೀರು ಕುಡಿಯಬೇಕು, ಯಾವುದನ್ನು ಮೊದಲು ಮಾಡಬೇಕು ಎಂದು ತಾನೇ ತೀರ್ಮಾನಿಸಲು ಆಗದಿರುವುದು ದೊಡ್ಡ ಹೊರೆ. ದೊಡ್ಡ ಸಾಹೇಬರಿಗೇ ಟೆನ್ಶನ್ ಜಾಸ್ತಿ ಎಂದು ನಾವು ಅಂದುಕೊಂಡಿರುತ್ತೇವೆ. ಕೆಳಗಿನ ಮೆಟ್ಟಿಲಿನವರ ಎದೆಯೇ ಮೊದಲು ಸೋಲುತ್ತದೆ.

ಇದಕ್ಕೆ ನಮ್ಮ ಕೇರಳದಲ್ಲೇ ಒಂದು ಉದಾಹರಣೆ ಇದೆ. ಬಟ್ಟೆ ಅಂಗಡಿಗಳಲ್ಲಿ ಸೀರೆ ತೋರಿಸುವ ಹೆಂಗಸರು ದಿನವಿಡೀ ನಿಂತೇ ಇರಬೇಕಿತ್ತು. ಗಿರಾಕಿ ಇಲ್ಲದಾಗಲೂ ಕೂರುವಂತಿಲ್ಲ. ಮೂತ್ರಕ್ಕೆ ಹೋಗಲು ಆಗದೆಂದು ನೀರು ಕುಡಿಯುವುದನ್ನೇ ಬಿಟ್ಟವರಿದ್ದರು. ಕಾಲಿನ ನರ ಉಬ್ಬುವುದು, ಮೂತ್ರದ ಸೋಂಕು ಸಾಮಾನ್ಯ. ಕೋಯಿಕ್ಕೋಡಿನ ಮಿಠಾಯಿ ತೆರುವು ಎಂಬ ಅಂಗಡಿ ಬೀದಿಯ ಹೆಂಗಸರು ಒಟ್ಟುಸೇರಿ ಇದರ ವಿರುದ್ಧ ಮಾತೆತ್ತಿದರು. ಹೋರಾಟ ವರ್ಷಗಟ್ಟಲೆ ನಡೆಯಿತು. 2018ರಲ್ಲಿ ಅಂಗಡಿಗಳ ಕಾನೂನಿಗೆ ತಿದ್ದುಪಡಿಯಾಗಿ, ಕೂರಲು ಆಸನ ಕೊಡಲೇಬೇಕು ಎಂದಾಯಿತು. ತಮಿಳುನಾಡು 2021ರಲ್ಲಿ ಇದೇ ದಾರಿ ಹಿಡಿಯಿತು. ಕಾಸರಗೋಡಿನ ಬಟ್ಟೆ ಅಂಗಡಿಗೆ ಹೋದಾಗ ನಾನು ಈಗ ಕೌಂಟರಿನ ಹಿಂದೆ ಸ್ಟೂಲು ಇದೆಯಾ ಎಂದು ನೋಡುತ್ತೇನೆ. ಒಂದು ಸ್ಟೂಲಿನ ಪ್ರಶ್ನೆಗೆ ಆ ಹೆಂಗಸರು ಯೋಗ ಮಾಡಬೇಕಿತ್ತು, ಧೈರ್ಯ ತುಂಬಿಕೊಳ್ಳಬೇಕಿತ್ತು ಎಂದು ಹೇಳುವುದು ಸರಿಯಾ?

ದುಡಿದದ್ದಕ್ಕೆ ತಕ್ಕ ಬೆಲೆ ಸಿಗದಿರುವುದೂ ಸುಡುತ್ತದೆ. ಮನೆಮನೆಗೆ ಹೋಗುವ ಆಶಾ ಕಾರ್ಯಕರ್ತೆಯರು 2025ರ ಫೆಬ್ರವರಿಯಲ್ಲಿ ತಿರುವನಂತಪುರದ ಸೆಕ್ರೆಟೇರಿಯಟ್ ಎದುರು ಮುಷ್ಕರ ಕೂತಾಗ ಅವರ ತಿಂಗಳ ಗೌರವಧನ 7000 ರೂಪಾಯಿ. ಮಂಜೇಶ್ವರ, ಪೈವಳಿಕೆ ಕಡೆಯ ಗುಡ್ಡದ ಮನೆಗಳಿಗೆ ಹತ್ತಿ ಇಳಿಯುವ ಆಶಾ ಅಕ್ಕಂದಿರು ಮಲಯಾಳದಲ್ಲಿ ಬಂದ ಆದೇಶವನ್ನು ಓದಿ, ಕನ್ನಡದಲ್ಲೂ ತುಳುವಿನಲ್ಲೂ ವಿವರಿಸಬೇಕು. ಆ ಅನುವಾದದ ಕೆಲಸ ಯಾವ ಲೆಕ್ಕಕ್ಕೂ ಬರುವುದಿಲ್ಲ.

ಬರ್ನ್‌ಔಟ್ ಮತ್ತು ಖಿನ್ನತೆ ಒಂದೇ ಅಲ್ಲ, ಆದರೆ ಅಕ್ಕಪಕ್ಕದ ಮನೆಗಳು. ಬರ್ನ್‌ಔಟ್ ಶುರುವಿನಲ್ಲಿ ಕೆಲಸಕ್ಕೆ ಅಂಟಿಕೊಂಡಿರುತ್ತದೆ. ರಜೆಯಲ್ಲಿ ನೆಂಟರ ಮನೆಗೆ ಹೋದರೆ ಮುಖ ಅರಳುತ್ತದೆ, ಭಾನುವಾರ ಸಂಜೆಯಾದಂತೆ ಎದೆ ಭಾರವಾಗುತ್ತದೆ. ಖಿನ್ನತೆ ಎಲ್ಲ ಕಡೆಯೂ ಜತೆಗೇ ಬರುತ್ತದೆ. ಮಗು, ಊಟ, ಯಕ್ಷಗಾನ, ಇಷ್ಟವಾಗಿದ್ದ ಯಾವುದೂ ರುಚಿಸುವುದಿಲ್ಲ. ಒಂದು ಇನ್ನೊಂದಾಗಿ ಬೆಳೆಯಬಹುದು. ಬದುಕುವುದೇ ಬೇಡ ಎನಿಸಿದರೆ ಅದು ಯಾವುದು ಎಂದು ಯೋಚಿಸುತ್ತಾ ಕೂರಬೇಡಿ, ಅವತ್ತೇ ಯಾರಿಗಾದರೂ ಹೇಳಿ. ಮನಸ್ಸಿನ ಕಷ್ಟಕ್ಕೆ ಇರುವ ಸರಕಾರದ ಸಹಾಯವಾಣಿ ಟೆಲಿ ಮಾನಸ್ 14416 ಹಗಲು ರಾತ್ರಿ ಸಿಗುತ್ತದೆ, ದುಡ್ಡಿಲ್ಲ, ಕನ್ನಡದಲ್ಲೂ ಮಾತಾಡಬಹುದು. ಕೇರಳ ಸರಕಾರದ ಸಹಾಯವಾಣಿ ದಿಶಾ 1056 ಕೂಡ ಇದೆ. ಅಂಗಡಿಯಲ್ಲಿ, ಬಸ್ಸಿನಲ್ಲಿ ಮಲಯಾಳ ಎಷ್ಟು ಸಲೀಸಾಗಿ ಬಂದರೂ ಎದೆಯ ಮಾತು ಹೇಳಲು ಮನೆಯ ಭಾಷೆಯೇ ಬೇಕು.

ವೈದ್ಯರ ಹತ್ತಿರ ಹೋಗುವುದು ಇನ್ನೊಂದು ಕಾರಣಕ್ಕೂ ಬೇಕು. ಥೈರಾಯ್ಡ್ ಕಮ್ಮಿಯಾದರೆ, ರಕ್ತ ಕಮ್ಮಿಯಾದರೆ, ಬಿ12 ಸಾಲದಿದ್ದರೆ ಹೀಗೇ ಸುಸ್ತು ಇರುತ್ತದೆ. ಅವನ್ನು ರಕ್ತಪರೀಕ್ಷೆ ತೋರಿಸುತ್ತದೆ. ನನಗೆ ಅವೆಲ್ಲ ಸರಿಯಿತ್ತು, ಬಿ.ಪಿ. ಮಾತ್ರ ಏರಿತ್ತು. ವೈದ್ಯರು ಬಿ.ಪಿ. ಪಟ್ಟಿ ಬಿಚ್ಚುತ್ತಾ ಕೇಳಿದರು, “ಕೆಲಸ ಎಂಥದ್ದು?” ಅಲ್ಲಿಯವರೆಗೆ ಯಾರೂ ಅದನ್ನು ಕೇಳಿರಲಿಲ್ಲ. ಅಮ್ಮ ಕಷಾಯ ಕೊಟ್ಟಿದ್ದರು, ದೃಷ್ಟಿ ತೆಗೆದಿದ್ದರು. ಪಾಪ, ಅವರಿಗೆ ಗೊತ್ತಿದ್ದದ್ದನ್ನು ಮಾಡಿದರು.

ಮೂರು ವಾರ ರಜೆ ಹಾಕಿದೆ. ನಿದ್ದೆ ಬಂತು, ಹಸಿವಾಯಿತು. ವಾಪಸ್ ಹೋದ ಹತ್ತನೇ ದಿನಕ್ಕೆ ಎಲ್ಲ ಮೊದಲಿನಂತೆಯೇ ಆಯಿತು. ಕರೆಗಳ ಸಂಖ್ಯೆ ಅಷ್ಟೇ ಇತ್ತು, ಬದಲಿ ಜನ ಇರಲಿಲ್ಲ. ಕರೆಗಳಲ್ಲಿ ಅರ್ಧ ಕಮ್ಮಿ ಮಾಡಿ, ಉಳಿದ ಹೊತ್ತು ಕಾಗದಪತ್ರದ ಕೆಲಸ ಕೊಡಿ ಎಂದು ಬರೆದು ಕೇಳಿದೆ. ಆಗುವುದಿಲ್ಲ ಎಂದರು. ನನ್ನ ತಲೆಯ ಮೇಲೆ ದೊಡ್ಡ ಸಾಲ ಇರಲಿಲ್ಲ, ಆದ್ದರಿಂದ ಬಿಡಲು ಸಾಧ್ಯವಾಯಿತು. ಎಲ್ಲರಿಗೂ ಅದು ಆಗದು ಎಂದು ಗೊತ್ತು. ಬಿಡಲು ಆಗದವರು ಇಷ್ಟನ್ನಾದರೂ ಬರೆದಿಟ್ಟುಕೊಳ್ಳಿ: ಎಷ್ಟು ಗಂಟೆ ದುಡಿದಿರಿ, ಯಾರ ಕೆಲಸ ನಿಮ್ಮ ಮೇಲೆ ಬಂತು, ಎಷ್ಟು ರಜೆ ತಿರಸ್ಕರಿಸಿದರು. ಒಂದು ತಿಂಗಳ ಪಟ್ಟಿ ಕೈಯಲ್ಲಿದ್ದರೆ ಮೇಲಿನವರ ಹತ್ತಿರ, ಯೂನಿಯನ್ ಹತ್ತಿರ, ವೈದ್ಯರ ಹತ್ತಿರ ಮಾತಾಡಲು ಆಧಾರ ಸಿಗುತ್ತದೆ.

ನಾನೀಗ ಊರಿನ ಹತ್ತಿರವೇ ಕಮ್ಮಿ ಸಂಬಳಕ್ಕೆ ದುಡಿಯುತ್ತಿದ್ದೇನೆ. ನಿದ್ದೆ ಸರಿಯಾಗಲು ಐದು ತಿಂಗಳು ಹಿಡಿಯಿತು. ಗೊತ್ತಿಲ್ಲದ ನಂಬರಿನಿಂದ ಫೋನ್ ಬಂದರೆ ಇವತ್ತಿಗೂ ಒಮ್ಮೆ ಎದೆ ಹೊಡೆದುಕೊಳ್ಳುತ್ತದೆ.