ಕ್ಯಾಶ್: ನಗದೂ ಅಲ್ಲ, ದಾಸ್ತಾನೂ ಅಲ್ಲ

ರೂಟಿಂಗ್ (ಜಾಲದಲ್ಲಿ ಪ್ಯಾಕೆಟ್ ಎಂಬ ಮಾಹಿತಿಯ ತುಣುಕುಗಳಿಗೆ ದಾರಿ ಹುಡುಕುವ ಕೆಲಸ) ಕುರಿತ ಪಾಠವೊಂದರಲ್ಲಿ ಮೊನ್ನೆ ಮತ್ತೆ 'ನಗದು ಸ್ಮೃತಿ' ಕಂಡೆ. 'ಕ್ಯಾಶ್ ಮೆಮೊರಿ'ಗೆ, ಅಂದರೆ ಬೇಗ ಸಿಗಲೆಂದು ಮಾಹಿತಿಯ ನಕಲನ್ನು ಕಂಪ್ಯೂಟರ್ ಹತ್ತಿರ ಇಟ್ಟುಕೊಳ್ಳುವ ಜಾಗಕ್ಕೆ, ಮಾಡಿದ ಅನುವಾದವಂತೆ. ಮಂಗಳೂರಿನ ವಿದ್ಯಾರ್ಥಿಗಳ ಕೈಗೆ ಕೊಟ್ಟ ಟಿಪ್ಪಣಿ ಅದು. ಇನ್ನು ಸುಮ್ಮನಿರಲಾಗದು.

ಇಂಗ್ಲಿಷಿನ cash, cache ಎರಡೂ ಕನ್ನಡದಲ್ಲಿ ಬರೆದಾಗ 'ಕ್ಯಾಶ್' ಆಗಿಬಿಡುವುದೇ ಈ ತೊಡಕಿನ ಬೇರು. ಹಣದ ಕ್ಯಾಶ್ ಬಂದದ್ದು ಪೆಟ್ಟಿಗೆ ಎಂಬ ಅರ್ಥದ ಪದದಿಂದ. ಕಂಪ್ಯೂಟರಿನ ಕ್ಯಾಶ್‌ಗೆ ಮೂಲ ಫ್ರೆಂಚಿನ 'ಕಾಶೆ', ಅಂದರೆ ಬಚ್ಚಿಡು. 1965ರಲ್ಲಿ ಬ್ರಿಟನ್ನಿನ ಕಂಪ್ಯೂಟರ್ ವಿಜ್ಞಾನಿ ಮಾರಿಸ್ ವಿಲ್ಕ್ಸ್ ಇದೇ ಕಲ್ಪನೆಯನ್ನು 'ಸ್ಲೇವ್ ಮೆಮೊರಿ' ಎಂದು ಕರೆದಿದ್ದರು. ಐಬಿಎಂನ ಸಿಸ್ಟಮ್ 360 ಮಾಡೆಲ್ 85 ಕಂಪ್ಯೂಟರ್ ಕುರಿತ 1968ರ ಲೇಖನಗಳಲ್ಲಿ ಬಳಕೆಯಾದ 'ಕ್ಯಾಶ್' ಎಂಬ ಹೆಸರೇ ಕೊನೆಗೆ ನಿಂತಿತು.

'ದಾಸ್ತಾನು' ಎನ್ನುವವರೂ ಇದ್ದಾರೆ. ಅದೂ ಸರಿಯಲ್ಲ. ಪತ್ತಾಯದ ಅಕ್ಕಿ ಸುಟ್ಟರೆ ಅಕ್ಕಿ ಹೋಯಿತು. ಕ್ಯಾಶ್ ಅಳಿಸಿದರೆ ಏನೂ ಹೋಗುವುದಿಲ್ಲ, ಏಕೆಂದರೆ ಅದು ನಕಲು. ಉಡುಪಿಯ ಬಸ್ ನಿಲ್ದಾಣದಲ್ಲಿ ಅಂಗಡಿಯವರೊಬ್ಬರು ಕಾರ್ಕಳದ ಬಸ್ಸಿನ ಹೊತ್ತನ್ನು ರಟ್ಟಿನ ತುಂಡಿನಲ್ಲಿ ಬರೆದು ತೂಗುಹಾಕಿದ್ದಾರೆ ಎನ್ನಿ. ರಟ್ಟು ಕ್ಯಾಶ್; ಮೂಲ ಇರುವುದು ಟೈಮ್ ಕೀಪರ್ ಬಳಿ. ರಟ್ಟು ಹರಿದರೆ ಅವರನ್ನು ಕೇಳಿದರಾಯಿತು. ಹೊತ್ತು ಬದಲಾದ ಮೇಲೂ ಹಳೆಯ ರಟ್ಟು ತೂಗುತ್ತಿದ್ದರೆ ಮಾತ್ರ ಬಸ್ ತಪ್ಪುತ್ತದೆ.

ಲಿನಕ್ಸ್ ಕಾರ್ಯಾಚರಣ ವ್ಯವಸ್ಥೆಯ ತಿರುಳಾದ ಕರ್ನಲ್‌ನಲ್ಲೂ ಇಂಥ ರಟ್ಟು ಇತ್ತು: ಐಪಿವಿ4 ರೂಟಿಂಗ್ ಕ್ಯಾಶ್, ಅಂದರೆ ಯಾವ ಇಂಟರ್ನೆಟ್ ವಿಳಾಸಕ್ಕೆ ಯಾವ ದಾರಿ ಎಂದು ಹಿಂದೆ ಹುಡುಕಿದ ಉತ್ತರಗಳ ನಕಲು. 2012ರಲ್ಲಿ 3.6ನೇ ಆವೃತ್ತಿಯಲ್ಲಿ ಅದನ್ನೇ ಕಿತ್ತುಹಾಕಿದರು. ಕೆಡುಕು ಬಯಸಿದವನು ಒಂದಾದ ಮೇಲೊಂದು ಹೊಸ ವಿಳಾಸಗಳ ಪ್ಯಾಕೆಟ್ ಸುರಿದರೆ ಕ್ಯಾಶ್ ತುಂಬುತ್ತಿತ್ತು, ಆದರೆ ಅದರಲ್ಲಿದ್ದ ಒಂದು ಉತ್ತರವೂ ಎರಡನೇ ಬಾರಿ ಬೇಕಾಗುತ್ತಿರಲಿಲ್ಲ. ಅಷ್ಟರಲ್ಲಿ ದಾರಿಗಳ ಮೂಲ ಪಟ್ಟಿಯ ಹುಡುಕಾಟವೇ ಸಾಕಷ್ಟು ಚುರುಕಾಗಿತ್ತು. ಕ್ಯಾಶ್ ಇದ್ದರೆ ವೇಗ ಖಚಿತ ಎಂದು ಬರೆಯುವವರು ಇದನ್ನು ಓದಬೇಕು.

'ಲಾಕ್' ಪದಕ್ಕೂ ಇದೇ ಗತಿ. ಇದು ಕಳ್ಳರಿಗೆ ಹಾಕುವ ಬೀಗವಲ್ಲ, ಒಂದೇ ಮಾಹಿತಿಗೆ ಹಲವರು ಕೈಹಾಕಿದಾಗ ಸರದಿ ಕಾಯಿಸುವ ಏರ್ಪಾಡು. ಓದಲು ಬಂದ ಪ್ರತಿ ಕೋರ್ (ಪ್ರೊಸೆಸರಿನೊಳಗಿನ ಲೆಕ್ಕದ ಘಟಕ) ಕೂಡ 'ನಾನು ಓದುತ್ತಿದ್ದೇನೆ' ಎಂದು ಒಂದೇ ಎಣಿಕೆಯಲ್ಲಿ ಗುರುತು ಹಾಕಬೇಕಾದರೆ, ಆ ಎಣಿಕೆ ಇರುವ ಕ್ಯಾಶ್ ಸಾಲು (ಕ್ಯಾಶ್ ಒಮ್ಮೆಗೆ ಎತ್ತುವ ಮಾಹಿತಿಯ ತುಂಡು) ಕೋರ್‌ನಿಂದ ಕೋರ್‌ಗೆ ಅಲೆಯುತ್ತದೆ. 10 ಗಿಗಾಬಿಟ್ ಕೊಂಡಿಯಲ್ಲಿ ಅತಿ ಚಿಕ್ಕ ಪ್ಯಾಕೆಟ್ ಒಂದಕ್ಕೆ ಸಿಗುವುದು ಸುಮಾರು 67 ನ್ಯಾನೊಸೆಕೆಂಡ್. ಆ ಅಲೆದಾಟಕ್ಕೇ ಅದು ಸವೆದುಹೋಗುತ್ತದೆ.

2002ರಲ್ಲಿ ಲಿನಕ್ಸ್ ಸೇರಿದ ಆರ್‌ಸಿಯು (ರೀಡ್-ಕಾಪಿ-ಅಪ್‌ಡೇಟ್) ಎಂಬ ವಿಧಾನ ಈ ಗುರುತನ್ನೇ ಕೈಬಿಟ್ಟಿತು. ಬದಲಿಸುವವರು ಹೊಸ ರಟ್ಟನ್ನು ಪಕ್ಕದಲ್ಲಿ ಪೂರ್ತಿ ಬರೆದು, ಆಮೇಲೆ ಹಳೆಯದರ ಜಾಗದಲ್ಲಿ ತೂಗುಹಾಕುತ್ತಾರೆ. ಹಳೆಯದನ್ನು ಓದುತ್ತಿದ್ದವರು ಓದಿ ಮುಗಿಸುವವರೆಗೆ ಅದನ್ನು ಎಸೆಯುವುದಿಲ್ಲ. ಹಾಗೆ ಕಾಯುವ ಅವಧಿಗೆ 'ಗ್ರೇಸ್ ಪೀರಿಯಡ್' ಎಂದು ಹೆಸರು. ಸಾಲದ ಕಂತಿಗೂ ಅದಕ್ಕೂ ಸಂಬಂಧವಿಲ್ಲ.