ಜಿಲೇಬಿ ತಿಂದ ಮೂರು ತಾಸಿನ ಬಳಿಕ ಕೈ ನಡುಗುವುದೇಕೆ?

ಬೆಳಿಗ್ಗೆ ತಿಂಡಿ ತಪ್ಪಿದೆ. ಹತ್ತು ಗಂಟೆಗೆ ಕಚೇರಿಯಲ್ಲಿ ಯಾರೋ ಮಗಳ ಫಲಿತಾಂಶದ ಖುಷಿಗೆ ಜಿಲೇಬಿ ಹಂಚುತ್ತಾರೆ. ಮೂರು ತಿಂದು, ಮೇಲೊಂದು ಸಿಹಿ ಕಾಫಿ ಕುಡಿದದ್ದಾಗುತ್ತದೆ. ಮಧ್ಯಾಹ್ನ ಒಂದು ಗಂಟೆಯ ಹೊತ್ತಿಗೆ ಸಹಿ ಹಾಕಲು ಹಿಡಿದ ಪೆನ್ನು ಬೆರಳುಗಳ ನಡುವೆ ನಡುಗತೊಡಗುತ್ತದೆ. ಕುತ್ತಿಗೆಯ ಹಿಂದೆ ತಣ್ಣನೆಯ ಬೆವರು, ಎದೆಯಲ್ಲಿ ಡವಡವ, ತಡೆಯಲಾಗದ ಹಸಿವು. ಇಷ್ಟು ಸಿಹಿ ತಿಂದವರಿಗೆ ಸಕ್ಕರೆ ಇಳಿಯುವುದುಂಟೇ ಎಂದು ಪಕ್ಕದವರು ಕೇಳುತ್ತಾರೆ. ಉಂಟು. ಆ ಸಿಹಿಯೇ ಅದಕ್ಕೆ ಕಾರಣವಿರಬಹುದು.

ವಯಸ್ಕರ ಐದು ಲೀಟರ್ ರಕ್ತದಲ್ಲಿ ಕರಗಿರುವ ಗ್ಲೂಕೋಸ್ ಸುಮಾರು 5 ಗ್ರಾಂ, ಅಂದರೆ ಒಂದು ಚಹಾ ಚಮಚದಷ್ಟು. ಖಾಲಿ ಹೊಟ್ಟೆಗೆ ಬಿದ್ದ ಸಕ್ಕರೆ ಪಾಕ ಬೇಗನೆ ಕರುಳಿಗಿಳಿದು ಅದರ ಹಲವು ಪಟ್ಟು ಗ್ಲೂಕೋಸನ್ನು ರಕ್ತಕ್ಕೆ ಸುರಿಯುತ್ತದೆ. ಮೇದೋಜೀರಕ ಗ್ರಂಥಿ ಇನ್ಸುಲಿನ್ ಬಿಡುತ್ತದೆ. ಕೆಲವರಲ್ಲಿ ಅದು ತಡವಾಗಿ, ಅಗತ್ಯಕ್ಕಿಂತ ಹೆಚ್ಚಾಗಿ ಬರುತ್ತದೆ. ಜಿಲೇಬಿಯ ಸಕ್ಕರೆ ಮುಗಿದ ಮೇಲೂ ಇನ್ಸುಲಿನ್ ಗ್ಲೂಕೋಸನ್ನು ಜೀವಕೋಶಗಳಿಗೆ ತಳ್ಳುತ್ತಲೇ ಇರುತ್ತದೆ. ದಿನಕ್ಕೆ 120 ಗ್ರಾಂನಷ್ಟು ಗ್ಲೂಕೋಸ್ ಬೇಡುವ ಮೆದುಳು ಈ ಕೊರತೆ ತಾಳದು. ಆಗ ಯಕೃತ್ತಿನ ಗ್ಲೂಕೋಸ್ ದಾಸ್ತಾನು ಬಿಡಿಸಲು ಗ್ಲುಕಗಾನ್ ಮತ್ತು ಅಡ್ರಿನಲಿನ್ ಎಂಬ ಹಾರ್ಮೋನುಗಳು ಹೊರಡುತ್ತವೆ. ನಡುಕ, ಡವಡವ ಈ ಅಡ್ರಿನಲಿನ್‌ನ ಗುರುತು; ಬೆವರು ಅದರ ಜೊತೆಗೇ ಕೆರಳುವ ನರಗಳದ್ದು. ದೇಹ ತನ್ನನ್ನು ತಾನು ಕಾಪಾಡಿಕೊಳ್ಳುತ್ತಿರುವ ಲಕ್ಷಣ.

ಹೊಟ್ಟೆಯ ಶಸ್ತ್ರಚಿಕಿತ್ಸೆ ಆದವರಲ್ಲಿ ಇದು ಹೆಚ್ಚು. ಮಧುಮೇಹದ ಆರಂಭದಲ್ಲೂ ಕೆಲವೊಮ್ಮೆ ಕಾಣಿಸುತ್ತದೆ, ಹಾಗಾಗಿ ಪದೇ ಪದೇ ಆದರೆ ಅಲಕ್ಷಿಸಬಾರದು.

ಆದರೆ ನಡುಗಿದವರಿಗೆಲ್ಲ ಸಕ್ಕರೆ ಇಳಿದಿರುವುದಿಲ್ಲ. ಅಮೆರಿಕದ ಶಸ್ತ್ರವೈದ್ಯ ಅಲೆನ್ ವಿಪಲ್ 1930ರ ದಶಕದಲ್ಲಿ ಹಾಕಿಕೊಟ್ಟ ಅಳತೆಗೋಲು ಇಂದಿಗೂ ಬಳಕೆಯಲ್ಲಿದೆ: ಲಕ್ಷಣ ಇರಬೇಕು, ಅದೇ ಹೊತ್ತಿನಲ್ಲಿ ರಕ್ತದ ಸಕ್ಕರೆ ಕಡಿಮೆ ಇರಬೇಕು, ಸಕ್ಕರೆ ಏರಿದಾಗ ಲಕ್ಷಣ ಹೋಗಬೇಕು. ಮಧುಮೇಹವಿಲ್ಲದವರಲ್ಲಿ ಕಡಿಮೆ ಎಂದರೆ ಡೆಸಿಲೀಟರಿಗೆ (ನೂರು ಮಿಲಿಲೀಟರ್ ರಕ್ತಕ್ಕೆ) 55 ಮಿಲಿಗ್ರಾಂಗಿಂತ ಕೆಳಗೆ. ಮನೆಯಲ್ಲಿ ಗ್ಲೂಕೋಮೀಟರ್ ಇದ್ದರೆ ನಡುಗುವಾಗಲೇ ಬೆರಳು ಚುಚ್ಚಿ ನೋಡಿ, ಸಮಯದೊಂದಿಗೆ ಬರೆದಿಡಿ. ವೈದ್ಯರಿಗೆ ಆ ಚೀಟಿ ಬಹಳ ಉಪಯೋಗ.

ಆ ಕ್ಷಣಕ್ಕೆ ಕುಳಿತುಕೊಳ್ಳಿ. ಗಾಡಿ ಓಡಿಸುತ್ತಿದ್ದರೆ ನಿಲ್ಲಿಸಿ. ನೀರಿನಲ್ಲಿ ಮೂರು ಚಹಾ ಚಮಚ ಸಕ್ಕರೆ ಕದಡಿ ಕುಡಿದು ಹದಿನೈದು ನಿಮಿಷ ಕಾಯಿರಿ. ಸುಧಾರಿಸಿದ ಮೇಲೆ ಹಿಡಿ ಕಡಲೆಕಾಯಿಯನ್ನೋ ಸಾಂಬಾರಿನ ಜೊತೆ ಇಡ್ಲಿಯನ್ನೋ ತಿನ್ನಿ. ಉಳಿದ ಜಿಲೇಬಿಗೆ ಕೈ ಹಾಕಿದರೆ ಸಂಜೆ ನಾಲ್ಕಕ್ಕೆ ಮತ್ತೆ ಇದೇ ಪಾಡು. ಮಾತು ತೊದಲಿದರೆ, ಪ್ರಜ್ಞೆ ತಪ್ಪಿದರೆ ಬಾಯಿಗೆ ಏನೂ ಹಾಕದೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಬೇಕು. ಮಧುಮೇಹದ ಔಷಧ ತೆಗೆದುಕೊಳ್ಳುವವರು ತಮ್ಮ ವೈದ್ಯರನ್ನು ಕೇಳಲೇಬೇಕು.

ಹಬ್ಬದ ಎಲೆಯಲ್ಲಿ ಹೋಳಿಗೆ ತಿಂದಾಗ ಇಂಥ ತೊಂದರೆ ಅಷ್ಟಾಗಿ ಕಾಣದಿರಲು ಅದರ ನೆರೆಹೊರೆಯೂ ಕಾರಣ. ಹೆಸರುಬೇಳೆ ಕೋಸಂಬರಿ, ಪಲ್ಯ, ತೊವ್ವೆ, ತುಪ್ಪ ಇವೆಲ್ಲ ಜಠರ ಖಾಲಿಯಾಗುವುದನ್ನು ನಿಧಾನಿಸಿ ಸಕ್ಕರೆಯನ್ನು ಮೆಲ್ಲಗೆ ಒಳಬಿಡುತ್ತವೆ. ನಾಳೆ ಕಚೇರಿಯಲ್ಲಿ ಸಿಹಿ ಕೊಟ್ಟರೆ ಬೇಡವೆನ್ನಬೇಕಿಲ್ಲ. ಬುತ್ತಿಯ ಮುಚ್ಚಳದಲ್ಲಿ ಎತ್ತಿಟ್ಟು, ಊಟ ಮುಗಿದ ಮೇಲೆ ಒಂದು ತಿನ್ನಿ.